ಮಾವನ ವಾಚ್ ಔಟ್

ನಮ್ಮ ಮಾವ ಇರುವ ಕಡೆ ಅಪಾಯ ಸುಳಿಯುವುದೇ ಇಲ್ಲ. ಸುಳಿದರೂ ಅವರ ಗಂಟಲಿಗೆ ಹೆದರಿ ಪಕ್ಕದ ಕಂಪೌಂಡಿಗೆ ಹೋಗುತ್ತದೆ!

ಗಲ್ಫಿನ ಬಂದರಿನಲ್ಲಿ ಕ್ರೇನಿನ ಕೆಳಗೆ ನಿಂತು ಜನರನ್ನು ಎಚ್ಚರಿಸುವುದೇ ಅವರ ಉದ್ಯೋಗವಾಗಿತ್ತು. ಹತ್ತು ದೇಶದ ಕೆಲಸಗಾರರಿಗೆ ಒಟ್ಟಿಗೆ ಅರ್ಥವಾಗುತ್ತಿದ್ದದ್ದು ನಾಲ್ಕೇ ಇಂಗ್ಲಿಷ್ ಕೂಗುಗಳು. ಊರಿಗೆ ಮರಳುವಾಗ ಉಳಿದವರು ಕಂಬಳಿ, ಖರ್ಜೂರ ತರುತ್ತಾರೆ. ಇವರು ಬಿಜೈಯ ಫ್ಲ್ಯಾಟಿಗೆ ಆ ಕೂಗುಗಳನ್ನೂ ಕಟ್ಟಿಕೊಂಡು ಬಂದರು.

ಅವುಗಳಲ್ಲೂ ತರತಮ ಉಂಟು. ‘ಹೆಡ್ಸ್ ಅಪ್’ ಎಂದರೆ ಬರೀ ಮುನ್ಸೂಚನೆ. ಅಪಾಯ ಇನ್ನೂ ಅಲ್ಲಿ ದೂರ ಹಂಪನಕಟ್ಟೆಯಲ್ಲಿದೆ, ನೀವು ಚಹಾ ಮುಗಿಸಬಹುದು. ‘ವಾಚ್ ಔಟ್’ ಎಂದರೆ ಅದು ಗೇಟಿಗೆ ಬಂತು, ಲೋಟ ಕೆಳಗಿಡಿ. ‘ಮೈಂಡ್ ದ ಸ್ಟೆಪ್’, ಅಂದರೆ ಮೆಟ್ಟಿಲು ಜೋಪಾನ, ಕಾಲುಗಳಿಗೆ ಮಾತ್ರ ಮೀಸಲು. ‘ಲುಕ್ ಔಟ್’ ಎಂದರೆ ಬಿದ್ದಾಯಿತು, ಇನ್ನು ಮುಲಾಮು ಹುಡುಕಿ!

“ಇಡೀ ಊರಿಗೆ ಕೇಳುವ ಹಾಗೆ ಯಾಕೆ ಮಾವ?” ಎಂದು ಒಮ್ಮೆ ಕೇಳಿದೆ.

“ಕ್ರೇನಿನ ಅಡಿಯಲ್ಲಿ ಒಬ್ಬನ ಹೆಸರು ಹಿಡಿದು ಕೂಗ್ಲಿಕ್ಕಿಲ್ಲ ಮಾರಾಯ. ಎಲ್ಲರಿಗೂ ಕೂಗುವುದು. ಯಾರಿಗೆ ಬೇಕೋ ಅವ ತಗೊಳ್ತಾನೆ.”

ಅವರು ಎಲ್ಲೆಲ್ಲಿ ಕೂಗುತ್ತಾರೆ ಎಂದು ಕೇಳಬೇಡಿ. ಎಲ್ಲಿ ಕೂಗುವುದಿಲ್ಲ ಎಂದು ಕೇಳಿ! ಕುಕ್ಕರಿನ ಸಿಳ್ಳೆಗೆ ಹೆಡ್ಸ್ ಅಪ್. ನೀರುದೋಸೆ ಕಾವಲಿಯಿಂದ ತಟ್ಟೆಗೆ ಬರುವಾಗ ವಾಚ್ ಔಟ್. ಗಾಳಿ ಬೀಸಿದಾಗಲೆಲ್ಲ ಅಂಗಳದ ತೆಂಗಿನಮರದ ಪರವಾಗಿಯೂ ಕೂಗುವುದರಿಂದ ವಾಚ್‌ಮನ್ ಹೆಲ್ಮೆಟ್ ಹಾಕಿಕೊಂಡೇ ಪೇಪರು ಓದುತ್ತಾನೆ. ಕೊನೆಗೊಮ್ಮೆ ಕಾಯಿ ನಿಜವಾಗಿಯೂ ಬಿದ್ದಾಗ ಮಾವ ಊಟಕ್ಕೆ ಕೂತಿದ್ದರು. ಮರ ಮೋಸ ಮಾಡಿತು ಎಂದು ಒಂದು ವಾರ ಅದರ ಮುಖ ನೋಡಲಿಲ್ಲ.

ಇನ್ನೊಮ್ಮೆ ಕೊಡಿಯಾಲ್‌ಬೈಲಿನ ಹತ್ತಿರ ಸಿಟಿ ಬಸ್ಸಿನೊಳಗಿಂದಲೇ ವಾಚ್ ಔಟ್ ಎಂದು ಅಬ್ಬರಿಸಿದರು. ಡ್ರೈವರ್ ಗಾಬರಿಯಲ್ಲಿ ಬ್ರೇಕ್ ಒತ್ತಿದ. ನಿಂತವರೆಲ್ಲ ಕೂತವರ ಮಡಿಲಿಗೆ ಬಂದರು. ಮಾವನ ಹೆಂಡತಿ, ನಮ್ಮ ಮಾಮಿ, ಒಬ್ಬರೇ ಕಂಬಿ ಹಿಡಿದು ನೆಟ್ಟಗೆ ನಿಂತಿದ್ದರು. ಎದುರಿಗೆ ಇದ್ದದ್ದಾದರೂ ಏನು? ಒಂದು ಬೆಕ್ಕು! ಅದೂ ಆಚೆಯ ಫುಟ್‌ಪಾತಿನಲ್ಲಿ, ನಿದ್ದೆ ಮಾಡುತ್ತ. ಕಂಡಕ್ಟರ್ ಕೈಮುಗಿದ. “ನೀವು ಮುಂದಿನ ಬಸ್ಸಿಗೆ ಬನ್ನಿ ಅಣ್ಣ. ಅದರಲ್ಲಿ ಇರುವವರಿಗೂ ಎಚ್ಚರಿಕೆ ಬೇಕಲ್ಲ.”

ಮಾಮಿಯ ವಿಷಯ ಹೇಳಲೇಬೇಕು. ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಈಗ ಕಣ್ಣು ಮಂಜಾಗುತ್ತಾ ಬರುತ್ತಿದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಆದರೆ ಯಾರಾದರೂ ಕೈ ಹಿಡಿದರೆ ಕೊಡವಿಬಿಡುತ್ತಾರೆ. “ನನಗೆ ಎಂತ ಆಗಿದೆ?” ಎಂದು ಅವರು ಕೇಳುವ ಗತ್ತಿಗೆ ನಮಗೆ ಹೋಮ್‌ವರ್ಕ್ ಮಾಡದೆ ಬಂದ ಹಾಗಾಗುತ್ತದೆ. ಮಗಳ ಮದುವೆ ನಿಶ್ಚಯವಾದಾಗಲೇ ಕಡ್ಡಿ ಮುರಿದಂತೆ ಹೇಳಿದ್ದರು: ಧಾರೆ ಎರೆಯಲು ಮಂಟಪಕ್ಕೆ ತಾನೇ ಹತ್ತುವುದು, ಯಾರಾದರೂ ಕೈ ಹಿಡಿದು ಹತ್ತಿಸಿದರೆ ಕೆಳಗೇ ಕೂತುಕೊಳ್ಳುವುದು. ಮಾವ ಮಾತ್ರ, ನಾನಿದ್ದೇನಲ್ಲ ಎಂದರು.

ಮದುವೆ ಶಕ್ತಿನಗರದ ಹಾಲ್‌ನಲ್ಲಿ. ಹಿಂದಿನ ದಿನವಿಡೀ ಹೂವಿನವರು, ಏಣಿಯವರು, ಕಡಾಯಿ ಹೊತ್ತವರನ್ನೆಲ್ಲ ಎಚ್ಚರಿಸಿ ಎಚ್ಚರಿಸಿ, ಮುಹೂರ್ತದ ಬೆಳಿಗ್ಗೆ ಮಾವ ಬಾಯಿ ತೆರೆದರೆ ಬರೀ ಗಾಳಿ! ನೆಂಟರೆಲ್ಲ ಇದನ್ನು ಮದುವೆಗಿಂತ ದೊಡ್ಡ ಶುಭಕಾರ್ಯವೆಂದು ಸಂಭ್ರಮಿಸಿದರು.

ಭಟ್ಟರು ಧಾರೆಗೆ ಕರೆದರು. ಮಾಮಿ ನೆಟ್ಟಗೆ ನಡೆದು ಬಂದು ಮಂಟಪದ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರು. ಎತ್ತಿದ ಕಾಲನ್ನು ಹಾಗೆಯೇ ಇಳಿಸಿದರು. ತಲೆಯನ್ನು ಸ್ವಲ್ಪ ಓರೆ ಮಾಡಿ, ಕಿವಿಗೊಟ್ಟು ಕಾದರು. ಹಿಂದೆ ನಿಂತ ಮಾವನ ಬಾಯಿ ತೆರೆದು ಮುಚ್ಚುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಮಾಮಿ ನನಗೆ ಆಗ ನೆನಪಾದರು. ದೋಸೆಗೆ, ಕುಕ್ಕರಿಗೆ, ನಿದ್ದೆಯ ಬೆಕ್ಕಿಗೆ ಕೂಗಿದ್ದೆಲ್ಲ ಯಾರಿಗೆ ಎಂದು ಈಗ ತಿಳಿಯಿತು.

“ಮೈಂಡ್ ದ ಸ್ಟೆಪ್!” ಎಂದು ನಾನು ಮೇಲಿನ ಫ್ಯಾನ್ ನೋಡುತ್ತ ಕೂಗಿದೆ. ಮದುಮಗಳು ಕೂಗಿದಳು. ಫೋಟೋದವನೂ ಕೂಗಿದ. ಕೊನೆಗೆ ಭಟ್ಟರೂ ಮಂತ್ರದ ನಡುವೆ ಅದನ್ನೊಮ್ಮೆ ಸೇರಿಸಿದರು.

ಮಾಮಿ ಒಬ್ಬರೇ ಹತ್ತಿದರು. ಮೇಲಿನ ಮೆಟ್ಟಿಲಲ್ಲಿ ನಿಂತು, ಕಣ್ಣು ತುಂಬಿಕೊಂಡು ಮೂಗು ಸೊರಗುಟ್ಟಿಸುತ್ತ ಹಿಂದೆ ಬರುತ್ತಿದ್ದ ಮಾವನ ಕಡೆಗೆ ಕೈ ಚಾಚಿದರು.

“ಕೈ ಹಿಡ್ಕೊಳ್ಳಿ ಮಾರಾಯ್ರೆ,” ಎಂದರು. “ನಿಮಗೆ ಈಗ ಮೆಟ್ಟಿಲು ಕಾಣ್ಲಿಕ್ಕಿಲ್ಲ.”