ಅಪಘಾತ ನಿರೋಧಕ ಚಹಾ

ಬಹಳ ಹಿಂದೆ, ರಸ್ತೆಯ ಗುಂಡಿಗಳಿಗೆ ಇನ್ನೂ ಕೆರೆಗಳೆಂಬ ಮಾನ್ಯತೆ ಸಿಗದಿದ್ದ ಕಾಲದಲ್ಲಿ, ಸುಖಾಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದವನು ಶ್ರೀಮನ್ಮಹಾರಾಜ ಗಂಭೀರವರ್ಮ. ಒಮ್ಮೆ ಪ್ರಭುಗಳ ಗಂಟಲು ಕಟ್ಟಿ ನಾಲ್ಕು ದಿನ ಭಾಷಣಗಳು ರದ್ದಾದವು. ಆ ನಾಲ್ಕು ದಿನಗಳನ್ನು ಸುಖಾಪುರದ ಹಿರಿಯರು ಸುವರ್ಣಯುಗವೆಂದು ನೆನೆಯುತ್ತಿದ್ದರಂತೆ.

ಐದನೆಯ ದಿನ ಪಲ್ಲಕ್ಕಿ ಪೇಟೆಯಲ್ಲಿ ಸಾವಂತ್ರೆವ್ವನ ಚಹಾದಂಗಡಿಯ ಮುಂದೆ ನಿಂತಿತು. ಸಾವಂತ್ರೆವ್ವ ಗಿರಾಕಿಯ ಮುಖ ನೋಡಿಯೇ ಸಕ್ಕರೆ ಎಷ್ಟು ಬೇಕೆಂದು ಹೇಳಬಲ್ಲವಳು. ರಾಜನೆಂದು ವಿಶೇಷ ಮಾಡಲಿಲ್ಲ. ಶುಂಠಿ ಜಜ್ಜಿ ಹಾಕಿ, ಕುದಿಸಿ, ಒಂದು ಕಪ್ಪು ಕೊಟ್ಟಳು. ಮಹಾರಾಜ ಕುಡಿದ, ಕೆಮ್ಮಿದ, ಅಲ್ಲಿಯೇ ನಿಂತು ಮೂರು ತಾಸು ಮಾತಾಡಿದ. ಮಾತು ಮುಗಿಯುವ ಹೊತ್ತಿಗೆ ಸಾವಂತ್ರೆವ್ವ ರಾಜ್ಯದ ಆರೋಗ್ಯ ಮಂತ್ರಿಯಾಗಿದ್ದಳು.

"ಅಯ್ಯ, ಬ್ಯಾಡ್ರೀ ಮಹಾರಾಜ್ರ! ಅದು ಬರೇ ಶುಂಠಿ. ಗಂಟಲಕ್ಕ ಒಂದೀಟು ಹಿತ ಅನಸ್ತೈತಿ, ಅಷ್ಟ."

"ಆಹಾ, ಎಂಥ ವಿನಯ!" ಎಂದ ಪ್ರಧಾನಮಂತ್ರಿ ಅನುಮೋದಾಚಾರ್ಯ. "ಪ್ರಭುಗಳ ಆಯ್ಕೆಯೆಂದರೆ ಸುಮ್ಮನೆಯೇ?"

ಕೂಡಲೇ ತಜ್ಞರ ಸಮಿತಿ ರಚನೆಯಾಯಿತು. ಪರದೇಶದಲ್ಲಿ ಕಲಿತು ಬಂದ ಪಂಡಿತನೊಬ್ಬ ರಾಜಸಭೆಯ ಗೋಡೆಯ ಮೇಲೆ ಬಣ್ಣಬಣ್ಣದ ಸ್ಲೈಡ್‌ಗಳನ್ನು ಬೆಳಗಿಸಿದ. ತುಳಸಿ ಚಹಾ ಕೆಮ್ಮಿಗೆ, ನಿಂಬೆ ಚಹಾ ಜೀರ್ಣಕ್ಕೆ, ಶಂಖಪುಷ್ಪದ ನೀಲಿ ಚಹಾ ಫೋಟೊಕ್ಕೆ. ತೂಕಡಿಸುತ್ತಿದ್ದ ಮಹಾರಾಜ ಹಸಿರು ಚಹಾದ ಹತ್ತಿರ ಕಣ್ಣು ಬಿಟ್ಟ.

"ಇದರಲ್ಲಿ ಆಂಟಿ ಆಕ್ಸಿಡೆಂಟುಗಳು ಹೇರಳವಾಗಿವೆ," ಎನ್ನುತ್ತಿದ್ದ ಪಂಡಿತ.

"ಆಕ್ಸಿಡೆಂಟು? ಅಂದರೆ ಇದು ಅಪಘಾತ ನಿರೋಧಕ!"

ತಿದ್ದಲು ಪಂಡಿತ ಬಾಯಿ ತೆರೆದ. ಅನುಮೋದಾಚಾರ್ಯ ಅವನನ್ನು ಒಮ್ಮೆ ನೋಡಿದ. ತೆರೆದ ಬಾಯಿಯನ್ನು ವ್ಯರ್ಥ ಮಾಡದೆ ಪಂಡಿತ ನುಡಿದ: "ಹೌದು ಪ್ರಭು. ವಿಜ್ಞಾನ ತಮ್ಮ ಹಿಂದೆಯೇ ಏದುಸಿರು ಬಿಡುತ್ತ ಬರುತ್ತಿದೆ."

ಆಜ್ಞಾಪತ್ರ ಅಲ್ಲಿಯೇ ಸಿದ್ಧವಾಯಿತು; ಅದಕ್ಕೆ ಆರೋಗ್ಯ ಮಂತ್ರಿಯ ಹೆಬ್ಬೆಟ್ಟು ಬೇಕಾಯಿತು. ಓದು ಬಾರದ ಸಾವಂತ್ರೆವ್ವನಿಗೆ ಏನೋ ಕಸಿವಿಸಿ. ಆದರೆ ಇಡೀ ಸಭೆ ಎದ್ದು ನಿಂತು ತನ್ನ ಹೆಬ್ಬೆರಳನ್ನೇ ನೋಡುತ್ತಿರುವಾಗ ಕೈ ಹಿಂದೆಳೆಯುವ ಧೈರ್ಯವಾಗಲಿಲ್ಲ. ಒತ್ತಿದಳು. ಮರುದಿನದಿಂದ ರಸ್ತೆ ದುರಸ್ತಿ ನಿಂತಿತು. ಗಾಡಿ ಹೊಡೆಯುವವರೆಲ್ಲ ಮೊದಲು ಹಸಿರು ಚಹಾ ಕುಡಿದು ಹೊರಡತಕ್ಕದ್ದು ಎಂದಾಯಿತು. ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಹೋಗಿ ಚಹಾ ವಿಭಾಗ ಬಂತು.

ವಾರ ಕಳೆದಿರಲಿಲ್ಲ, ಸಾವಂತ್ರೆವ್ವನ ಅಂಗಡಿಗೆ ಹಾಲು ತರುವ ಹುಸೇನಸಾಬನ ಗಾಡಿ ಗುಂಡಿಗೆ ಬಿದ್ದು ಅವನ ಕಾಲು ಮುರಿಯಿತು. ಅವಳು ಆಸ್ಪತ್ರೆಗೆ ಓಡಿದಳು. ಹುಸೇನಸಾಬ ಮಂಚದ ಮೇಲೆ ಹಲ್ಲು ಕಚ್ಚಿ ಮಲಗಿದ್ದ. ಎದೆಯ ಮೇಲೆ ಆರನೆಯ ಕಪ್ಪು.

"ಅಕ್ಕಾರ, ಕಾಲು ಮುರದೈತಿ ಅಂದ್ರ ಹಿಂದಿಂದು ಕುಡದಿಲ್ಲೇನು, ಇನ್ನೊಂದು ಕುಡಿ ಅನ್ನಾಕತ್ತ್ಯಾರ."

ಸಾವಂತ್ರೆವ್ವ ವೈದ್ಯನ ಕಡೆ ತಿರುಗಿದಳು. "ಪಟ್ಟಿ ಕಟ್ರೀ! ಮುರದ ಕಾಲಿಗೆ ಚಾ ಕುಡಿಸಿದ್ರ ಕೂಡತೈತೇನ್ರೀ?"

ವೈದ್ಯ ತಲೆತಗ್ಗಿಸಿ ಕೆಟಲ್ ಕಲಕುತ್ತ ಗೋಡೆಗೆ ಅಂಟಿಸಿದ್ದ ಆಜ್ಞಾಪತ್ರದತ್ತ ಕೈ ತೋರಿಸಿದ. "ಕಟ್ಟಿದರೆ ರಾಜದ್ರೋಹ, ತಾಯಿ. ಆಜ್ಞೆಯ ಕೆಳಗೆ ತಮ್ಮದೇ ಹೆಬ್ಬೆಟ್ಟಿದೆ."

ಅವಳು ಕಪ್ಪನೆಯ ಆ ಗುರುತನ್ನು ನೋಡಿದಳು. ಸೀದಾ ರಾಜಸಭೆಗೆ ಹೋಗಿ, ವಂದನೆಯನ್ನೂ ಮಾಡದೆ, ಗಟ್ಟಿಯಾಗಿ ಹೇಳಿಯೇಬಿಟ್ಟಳು: "ಮಹಾರಾಜ್ರ, ಚಾ ಕುಡದ್ರ ಚಾ ಕುಡದಂಗ ಆಗತೈತಿ. ಬ್ಯಾರೇ ಏನೂ ಆಗೂದಿಲ್ಲ. ರಸ್ತಾ ಸರಿ ಮಾಡಸ್ರಿ. ಇಲ್ಲಾ, ನನ್ನ ಹೆಬ್ಬೆಟ್ಟು ನನಗ ವಾಪಸ್ ಕೊಡ್ರಿ."

ಸಭೆಯೆಲ್ಲ ಅನುಮೋದಾಚಾರ್ಯನ ಮುಖ ನೋಡಿತು.

"ಕೇಳಿದಿರಾ!" ಅನುಮೋದಾಚಾರ್ಯ ಕಣ್ಣೊರೆಸಿಕೊಂಡ. "ಚಹಾ ಕುಡಿದರೆ ಚಹಾವೇ ಆಗುವುದು! ಕುಡಿಯುವವನೂ ಚಹಾವೂ ಬೇರೆಯಲ್ಲ! ಪ್ರಭು, ಇದು ಶುದ್ಧ ಅದ್ವೈತ."

ಕರತಾಡನ ಮುಗಿಲು ಮುಟ್ಟಿತು. ಮಹಾರಾಜ ಎದ್ದು ತನ್ನ ಕೈಯಾರೆ ಅವಳಿಗೆ 'ಚಹಾಧನ್ವಂತರಿ' ಬಿರುದಿನ ಶಾಲು ಹೊದಿಸಿದ. ಸಾವಂತ್ರೆವ್ವ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನದ ಪತ್ರಿಕೆಗಳು ಅದನ್ನು ಆನಂದಬಾಷ್ಪವೆಂದು ಬರೆದವು.

ವರ್ಷಾಂತ್ಯದ ವರದಿಯಲ್ಲಿ ಕಾಲು ಮುರಿದವರ ಸಂಖ್ಯೆ ಸೊನ್ನೆಗಿಳಿಯಿತು, ಏಕೆಂದರೆ ಅವರನ್ನು ಬರೆದುಕೊಳ್ಳುವ ಪುಟವನ್ನೇ ತೆಗೆಯಲಾಗಿತ್ತು. ಈ ಸಾಧನೆಗಾಗಿ ಆರೋಗ್ಯೋತ್ಸವ ನಡೆಯಿತು. ಪ್ರಜೆಗಳು ಸಾಲುಸಾಲಾಗಿ ಅರಮನೆಯ ಮುಂದೆ ಹಾಯ್ದರು. ಕೆಲವರು ಎಡಕ್ಕೆ ವಾಲುತ್ತ, ಕೆಲವರು ಬಲಕ್ಕೆ ವಾಲುತ್ತ, ಹುಸೇನಸಾಬ ಕೋಲೂರಿ ಒಂದೇ ಕಾಲಲ್ಲಿ ನೆಗೆಯುತ್ತ.

ಉಪ್ಪರಿಗೆಯ ಮೇಲೆ ನಿಂತ ಗಂಭೀರವರ್ಮನ ಕಣ್ಣು ತುಂಬಿ ಬಂತು. "ನೋಡು ಸಾವಂತ್ರೆವ್ವ, ಹಿಂದೆ ಸುಮ್ಮನೆ ನಡೆಯುತ್ತಿದ್ದ ಜನ ಈಗ ಕುಣಿಯುತ್ತಿದ್ದಾರೆ!"

"ಕುಣ್ಯಾಕತ್ತಿಲ್ರೀ ಮಹಾರಾಜ್ರ," ಎಂದಳು ಸಾವಂತ್ರೆವ್ವ, "ಕುಂಟಾಕತ್ತ್ಯಾರ."

ಅಷ್ಟರಲ್ಲಿ ಕಹಳೆಗಳು ಮೊಳಗಿದವು. ಸುಖಾಪುರದಲ್ಲಿ ನೆಟ್ಟಗೆ ನಡೆಯುವುದು ಅಂದಿನಿಂದ ರಾಜದ್ರೋಹವೆಂದು ಸಾರಲಾಯಿತು.