ಮೂರು ತಿಂಗಳು ನೀರು ಕುಡಿದ ಡಬ್ಬ

ನಮ್ಮ ಮನೆಯಲ್ಲಿ ಮಾತಿಗೆ ಬರ ಎಂದು ನಾನು ದೂರುವುದಿಲ್ಲ. ಹಂಚಿಕೆ ಸರಿಯಿಲ್ಲ, ಅಷ್ಟೆ. ನನ್ನ ಯಜಮಾನರು ಶಿವಶಂಕರ್ ಅವರ ಪಾಲಿನದೆಲ್ಲ ಚಿನಕುರಳಿಯ ಕಲ್ಲುಕ್ವಾರಿಯಲ್ಲಿ, ಬೇರೆ ಟಿಪ್ಪರ್ ಡ್ರೈವರುಗಳ ಜೊತೆಯಲ್ಲೇ ಖರ್ಚಾಗುತ್ತದೆ. ಅತ್ತೆ ಸೋಮಮ್ಮನವರ ಪಾಲು ಎಮ್ಮೆಗೆ. ಎಮ್ಮೆಗೆ ದಿನಕ್ಕೆರಡು ಸಲ ಸವಿಸ್ತಾರ ಕುಶಲಪ್ರಶ್ನೆ, ನನಗೆ "ಉಂಡ್ಯಾ?" ಎಂಬ ಒಂದೇ ಪದದ ಉಪನ್ಯಾಸ (ಉತ್ತರಕ್ಕೆ ಕಾಯುವ ಪದ್ಧತಿ ಇಲ್ಲ).

ಹಾಗಾಗಿ ಕಿಕ್ಕೇರಿಯ ತವರಿನಿಂದ ಒಂದು ನೆಲಸಂಪಿಗೆ ಗಿಡ ತಂದೆ. ಕಾಡಿನಲ್ಲಿ ದೊಡ್ಡ ಮರಗಳ ಬುಡದಲ್ಲಿ, ಯಾರ ಕಣ್ಣಿಗೂ ಬೀಳದೆ ಬದುಕುವ ನೆರಳಿನ ಗಿಡ ಅದು. ಎಲೆಯ ಮೇಲೆ ಬೆಳ್ಳಿ ಗೀರು, ಬೆನ್ನಿಗೆ ನೇರಳೆ.

"ಬಿಸ್ಲು ತಾಗುಸ್ಬೇಡ ಕಣವ್ವ," ಎಂದಳು ಅವ್ವ. "ಯುಗಾದಿ ಕಳುದ್ಮೇಲೆ ಹೂ ನೋಡಕ್ಕೆ ಬತ್ತೀನಿ."

ಹಳೆಯ ಪೇಂಟ್ ಡಬ್ಬದಲ್ಲಿ ನೆಟ್ಟು, ಕೊಟ್ಟಿಗೆ ಗೋಡೆಯ ನೆರಳಿಗಿಟ್ಟೆ. ಪ್ರತಿ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಮ್ಮಿಬ್ಬರ ಮಹಾಸಭೆ. ಮುದ್ದೆ ಗಂಟಾದದ್ದು, ಕಾಲೇಜಿನ ಗೆಳತಿ ಪ್ರಿಯಾಂಕ ಫೋನ್ ಎತ್ತದಿರುವುದು, ಅತ್ತೆಯ ಸಾರಿನಲ್ಲಿ ಉಪ್ಪಿನ ಏಕಚಕ್ರಾಧಿಪತ್ಯ, ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದೆ. ಗಿಡ ಎಂದೂ ನಡುವೆ ಎದ್ದು ಹೋಗಲಿಲ್ಲ.

ಡಿಸೆಂಬರಿನಲ್ಲಿ ಎಲೆಗಳು ಹಳದಿಯಾಗಿ ಒಂದೊಂದೇ ಮಲಗಿದವು. ನಮ್ಮದು ನಾಲೆ ಸೀಮೆ. ಗದ್ದೆ ಬಾಡಿದರೂ ನೀರು, ಮಗು ಅತ್ತರೂ ನೀರು, ನೆಂಟರು ಕೋಪಿಸಿಕೊಂಡರೂ ಮೊದಲು ನೀರು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಸುರಿದೆ. ಸಂಕ್ರಾಂತಿಗೆ ಡಬ್ಬದಲ್ಲಿ ಕೆಸರು ಮಾತ್ರ ಉಳಿಯಿತು. ಆದರೂ ನೀರೂ ನಿಲ್ಲಿಸಲಿಲ್ಲ, ಮಾತೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಧ್ಯಾಹ್ನವನ್ನು ಎಲ್ಲಿ ಇಡಲಿ?

ಒಂದು ದಿನ ಯಜಮಾನರು ಇಣುಕಿ, "ಏನಮ್ಮಿ ಬೆಳೀತಿದ್ದೀಯೆ, ಕೆಸ್ರಾ?" ಎಂದರು. ಆ ವಾರ ನನ್ನೊಡನೆ ಅವರಾಡಿದ ಅತಿ ಉದ್ದದ ವಾಕ್ಯ ಅದು.

ಅವ್ವನ ಫೋನು ಬರುತ್ತಿತ್ತು.

"ಗಿಡ ಎಂಗದವ್ವ?"

"ಚೆನ್ನಾಗಿದೆ."

"ನೀನು?"

"ಚೆನ್ನಾಗಿದ್ದೀನಿ."

ಎರಡನ್ನೂ ಒಂದೇ ದನಿಯಲ್ಲಿ ಹೇಳುವುದು ಅಭ್ಯಾಸವಾಗಿತ್ತು.

ಯುಗಾದಿ ಕಳೆಯಿತು. ನಾಳೆ ಮೊದಲ ಬಸ್ಸಿಗೇ ಬರುತ್ತೇನೆ ಎಂದಳು ಅವ್ವ. ನನ್ನ ಎರಡೂ ಸುಳ್ಳು ಒಟ್ಟಿಗೆ ಸಿಕ್ಕಿಬೀಳಲಿದ್ದವು. ಕೊಳೆತ ಗೆಡ್ಡೆಯನ್ನಾದರೂ ಕಡೆಯ ಸಲ ನೋಡೋಣವೆಂದು ಡಬ್ಬಕ್ಕೆ ಕೈ ಹಾಕಿದೆ. ಮೊಣಕೈವರೆಗೆ ಕೆಸರು. ಗೆಡ್ಡೆಯಿಲ್ಲ, ಅದರ ಅವಶೇಷವೂ ಇಲ್ಲ. ಮತ್ತೊಮ್ಮೆ ತಳದವರೆಗೂ ತಡಕಿದೆ.

"ಅಲ್ಲಿಲ್ಲ ಕಣವ್ವ. ಬಾ ಇಲ್ಲಿ."

ಕಲಗಚ್ಚಿನ ಬಕೆಟ್ಟು ಹಿಡಿದು ಅತ್ತೆ ನಿಂತಿದ್ದರು. ಕೊಟ್ಟಿಗೆಯ ಹಿಂದೆ, ಹೊಂಗೆ ಮರದಡಿ, ಕಾಲಿನಿಂದ ತರಗೆಲೆ ಸರಿಸಿದರು. ಒಂದೆಲೆಯೂ ಇಲ್ಲದೆ, ಬರೀ ನೆಲದಿಂದಲೇ ಎರಡು ಹೂ ಎದ್ದು ನಿಂತಿದ್ದವು. ಬಿಳಿ ಎಸಳು, ನೇರಳೆ ತುಟಿ. ಸಗಣಿಯ ವಾಸನೆಯ ನಡುವೆಯೂ ಅಂಥ ಪರಿಮಳ.

"ಎಲೆ ಒಣುಗುದ್ರೆ ಸತ್ತೋಯ್ತು ಅನ್ಕಂಡ್ಯಾ? ಅರಿಸ್ನದ ಗೆಡ್ಡೆ ಇದ್ದಂಗೆ, ಮಣ್ಣೊಳ್ಗೇ ಮನೀಕಂಡು ನಿದ್ದೆ ಮಾಡ್ತದೆ. ನೀನು ನೋಡುದ್ರೆ ದಿನಾ ಮುಳುಗುಸ್ತಿದ್ದೆ. ಕೊಳ್ತೋಯ್ತದೆ ಅಂತ ಕಿತ್ತು ಇಲ್ಲಿಗಾಕ್ದೆ."

"ಯಾವಾಗ?"

"ಸಂಕ್ರಾಂತಿಗೆ ಮುಂಚೆ."

ಅಂದರೆ ಮೂರು ತಿಂಗಳಿಂದ ನಾನು ಖಾಲಿ ಡಬ್ಬಕ್ಕೆ ನೀರೆರೆದು, ಖಾಲಿ ಡಬ್ಬದ ಎದುರು ಹೃದಯ ಬಿಚ್ಚಿದ್ದೆ.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?"

ಅತ್ತೆ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಕುತ್ತಿಗೆ ಕೆರೆಯುತ್ತ ನಿಂತರು. ನನ್ನತ್ತ ನೋಡಲಿಲ್ಲ.

"ಯೋಳಿದ್ರೆ ನೀನು ಮಾತು ನಿಲ್ಲುಸ್ಬುಡ್ತಿದ್ದೆ. ಕೊಟ್ಟಿಗೇಗೆ ಎಲ್ಲಾ ಕೇಳುಸ್ತದೆ. ಮಧ್ಯಾನ್ದೊತ್ತು ನಂಗೂ ಒತ್ತೋಯ್ತಿತ್ತು."

ಮೂರು ತಿಂಗಳ ನನ್ನ ಭಾಷಣಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಕೆಸರುಗೈಯನ್ನು ಸೆರಗಿಗೇ ಒರೆಸಿಕೊಂಡೆ.

"ಎಲ್ಲಾನೂ ಕೇಳಿಸ್ತಾ?"

"ಸಾರಿಗೆ ಉಪ್ಪು ಕಮ್ಮಿ ಮಾಡಿ ಎಲ್ಡು ತಿಂಗ್ಳಾಯ್ತು," ಎಂದರು ಅತ್ತೆ. "ನಿಂಗೇ ಗೊತ್ತಾಗ್ನಿಲ್ಲ."