ನಮ್ಮ ಮಾವನ ಮಕರಗಳು

ಅರಸೀಕೆರೆ, ಬೇಲೂರು, ಹಳೇಬೀಡು, ಈ ಮೂರು ಊರಿನವರು ಯಾವ ವಿಷಯದಲ್ಲಾದರೂ ಒಮ್ಮತಕ್ಕೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅರಸೀಕೆರೆಯವರಿಗೆ ತಮ್ಮ ತೆಂಗಿನಕಾಯಿಯೇ ಕಾಯಿ. ಬೇಲೂರಿನವರಿಗೆ ತಮ್ಮ ದೇವಸ್ಥಾನವೇ ದೇವಸ್ಥಾನ. ಹಳೇಬೀಡಿನವರು ಈ ಇಬ್ಬರನ್ನೂ ನೋಡಿ ಮೂಗು ಮುರಿಯುವವರು. ಆದರೆ ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಅನ್ನುವ ವಿಷಯದಲ್ಲಿ ಮಾತ್ರ ಮೂರೂ ಊರಿನವರದು ಒಂದೇ ಮಾತು! ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ನಂಬುವುದೇನು ಬಂತು, ನನಗೆ ಬಂದ ಮೂರು ಗಂಡುಗಳು ತಪ್ಪಿಹೋದದ್ದು ಆ ತಲೆಯಿಂದಲೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳೇ ನಾನು.

ಮಾವ ನಮ್ಮಮ್ಮನ ತಮ್ಮ. ಹಳೇಬೀಡಿನ ಮಿಡಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮದುವೆ ಮಾಡಿಕೊಂಡಿರಲಿಲ್ಲ, ಆದರೆ ಸಂಸಾರ ಮಾತ್ರ ದೊಡ್ಡದು. ಹೊಯ್ಸಳೇಶ್ವರನ ಗುಡಿಯ ಗೋಡೆಯ ಸುತ್ತ ಸಾಲಾಗಿ ನಿಂತಿವೆಯಲ್ಲ ಮಕರಗಳು, ಅಷ್ಟೂ ಅವರ ಸಂಸಾರವೇ. ಮಕರ ಗೊತ್ತಲ್ಲ? ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಕಿವಿ, ಸಿಂಹದ ಕಾಲು, ಕೊನೆಗೆ ನವಿಲಿನ ಬಾಲ. ಶಿಲ್ಪಿ ಎಲ್ಲ ಪ್ರಾಣಿಗಳನ್ನೂ ಕೆತ್ತಿ ಮುಗಿಸಿದ ಮೇಲೆ ಉಳಿದ ಚೂರುಪಾರುಗಳನ್ನು ದಂಡ ಮಾಡಬಾರದೆಂದು ಸೇರಿಸಿದನೇನೋ ಅನ್ನಿಸುತ್ತದೆ. ಒಮ್ಮೆ ನಾನು ಹಾಗೆಂದದ್ದಕ್ಕೆ ಮಾವನಿಗೆ ಸಿಟ್ಟು ಬಂತು.

"ನಿನ್ನನ್ನೇನು ಒಂದೇ ಚೂರಲ್ಲಿ ಮಾಡಿದಾರೇನೇ? ಮೂಗು ನಿಮ್ಮಪ್ಪಂದು, ಕಿವಿ ನಮ್ಮಮ್ಮಂದು, ನಾಲಿಗೆ ನಿಮ್ಮಪ್ಪನ ಅಮ್ಮಂದು" ಎಂದರು. ಹಲ್ಲು ಯಾರದೆಂದು ಹೇಳಲಿಲ್ಲ. ಹಲ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಕರಗಳಿಗೂ ನಮ್ಮ ಹಾಗೆಯೇ ಊರಿಗೊಂದು ಸ್ವಭಾವ ಎಂಬುದು ಮಾವನ ಸಿದ್ಧಾಂತ. ಬೇಲೂರಿನವು ಸಂತೃಪ್ತರು. ದಿನವೂ ಪೂಜೆ, ಬೆಳಿಗ್ಗೆ ಎದ್ದರೆ ಪೊಂಗಲಿನ ಘಮ. ಹೊಟ್ಟೆ ತುಂಬಿದವರಿಗೆ ಕೋಪ ಎಲ್ಲಿಂದ ಬರಬೇಕು? ಅರಸೀಕೆರೆಯವು ರೈಲಿನ ಕೂಗು ಕೇಳಿ ಕೇಳಿ ನಿದ್ದೆಗೆಟ್ಟವು, ಮಾತಾಡಿಸಿದರೆ ಸಿಡುಕುತ್ತವೆ. ಹಳೇಬೀಡಿನವು ಮಾತ್ರ ಮಹಾ ಅಭಿಮಾನಿಗಳು. ಕೇಳಿ ಉಣ್ಣುವ ಜಾತಿಯಲ್ಲ. ಜೊತೆಗೆ ಅವುಗಳ ನೆತ್ತಿಯ ಮೇಲೆಯೇ ಹಂಸಗಳ ಸಾಲು! ಮಹಡಿಯ ಮೇಲೆ ಗಲಾಟೆ ಸಂಸಾರವನ್ನು ಇಟ್ಟುಕೊಂಡು ಕೆಳಗೆ ಬಾಳುವೆ ಮಾಡಿದವರಿಗೇ ಗೊತ್ತು ಅದರ ಕಷ್ಟ ಎನ್ನುತ್ತಿದ್ದರು. ಕಲ್ಲಿಗೆ ಎಂಥ ಸ್ವಭಾವ ಎಂದು ನೀವೇನಾದರೂ ಕೇಳಿದಿರೋ, ಮುಗಿಯಿತು. ಅವತ್ತು ನಿಮಗೆ ಮಧ್ಯಾಹ್ನದ ಊಟ ಇಲ್ಲ.

ಸ್ಕೂಲಿನಲ್ಲೂ ಇದೇ ಕಥೆ. ಮಾವಿನಕಾಯಿ ಬರೆಯಿರಿ ಎಂದು ಹೇಳಿ ಬೋರ್ಡಿನ ಮೇಲೆ ಒಂದು ಬರೆದು ತೋರಿಸುತ್ತಿದ್ದರು. ಬರೆಯುತ್ತ ಬರೆಯುತ್ತ ಅದಕ್ಕೆ ತುದಿಯಲ್ಲೊಂದು ಸೊಂಡಿಲು, ತೊಟ್ಟಿನಲ್ಲೊಂದು ಬಾಲ ಬಂದುಬಿಡುತ್ತಿತ್ತು. ಹೆಡ್‌ಮೇಷ್ಟ್ರು ಒಮ್ಮೆ ಬಾಗಿಲಲ್ಲಿ ನಿಂತು, ಇದು ಯಾವ ಜಾತಿಯ ಮಾವು ಎಂದು ಕೇಳಿದರಂತೆ. ಮಾವ ಸೀಮೆಸುಣ್ಣ ಕೆಳಗಿಟ್ಟು, ಜಾತಿ ಹಣ್ಣಾದ ಮೇಲೆ ಗೊತ್ತಾಗುತ್ತೆ ಸಾರ್, ಇದಿನ್ನೂ ಕಾಯಿ ಎಂದರಂತೆ.

ನಾನು ಎಂಟು ವರ್ಷದವಳಿದ್ದಾಗ ನನ್ನನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದರು. ಬಾಗಿಲ ಮೇಲೆ ಎರಡು ಕಡೆಯಿಂದಲೂ ಬಾಯಿ ತೆರೆದು ಕೂತ ಮಕರಗಳನ್ನು ನೋಡಿ, ಅಷ್ಟು ಚೆಂದದ ದೇವರ ಬಾಗಿಲಿಗೆ ಈ ವಿಕಾರದ್ದು ಯಾಕೆ ಮಾವ ಎಂದು ಕೇಳಿದೆ.

"ಅದರ ಸ್ವಭಾವವೇ ಅದು ಕಣೇ" ಎಂದರು. "ಬಂದೋರು ಮೊದಲು ನನ್ನನ್ನ ನೋಡ್ಲಿ, ಏನೇನು ಅನ್ಬೇಕೋ ಎಲ್ಲ ನನಗೇ ಅನ್ಲಿ ಅಂತ ಬಾಗಿಲಲ್ಲಿ ಕೂತಿರುತ್ತೆ. ಒಳಗಿರೋರ ಮೇಲೆ ಕೆಟ್ಟ ಕಣ್ಣು ಬೀಳಬಾರದಲ್ಲ."

ನನ್ನ ಗಮನವೆಲ್ಲ ಆಗ ಪ್ರಸಾದದ ಪುಳಿಯೋಗರೆಯ ಮೇಲಿತ್ತು. ಹೂಂ ಎಂದು ತಲೆಯಾಡಿಸಿದೆ, ಅಲ್ಲಿಗೇ ಮರೆತೆ.

ಈಗ ಹಲ್ಲಿನ ವಿಷಯ. ನನ್ನ ಮುಂದಿನ ಎರಡು ಹಲ್ಲುಗಳಿಗೆ ಚಿಕ್ಕಂದಿನಿಂದಲೂ ಆತುರ. ನಾನು ಯಾರ ಮನೆಗಾದರೂ ಹೋದರೆ ನನಗಿಂತ ಮೊದಲು ಅವು ಹೋಗಿ ಬಾಗಿಲು ತಟ್ಟುತ್ತಿದ್ದವು! ಮನೆಯಲ್ಲಿ ಯಾರೂ ಬಾಯಿಬಿಟ್ಟು ಆ ಮಾತು ಆಡುತ್ತಿರಲಿಲ್ಲ. ನನಗೆ ಹದಿನೆಂಟು ತುಂಬಿ ಗಂಡು ನೋಡಲು ಶುರುವಾದಾಗ ಅಮ್ಮ ಮಾತ್ರ ಕನ್ನಡಿಯ ಮುಂದೆ ನಿಲ್ಲಿಸಿ, ತುಟಿ ಮುಚ್ಚಿಕೊಂಡು ನಗುವುದನ್ನು ಅಭ್ಯಾಸ ಮಾಡಿಸಿದಳು. ನಗುವುದಕ್ಕೂ ತಾಲೀಮು ತೆಗೆದುಕೊಂಡವಳು ಅರಸೀಕೆರೆಯಲ್ಲಿ ನಾನೊಬ್ಬಳೇ ಇರಬೇಕು.

ಅಪ್ಪ ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು. ನಾವಿದ್ದದ್ದು ವಠಾರದಲ್ಲಿ. ಒಂದು ಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದರೆ ಮಿಕ್ಕ ಏಳು ಮನೆಯವರೂ ಗಂಡಿನ ಕಡೆಯವರನ್ನು ನೋಡಲು ಹೊರಗೆ ಬರುತ್ತಿದ್ದರು. ಗಂಡು ಒಪ್ಪಿದರೆ ಸರಿ, ಒಪ್ಪದಿದ್ದರೆ? ಅದಕ್ಕೇ ಅಮ್ಮ ಒಂದು ಉಪಾಯ ಮಾಡಿದಳು. ದೇವಸ್ಥಾನ ನೋಡುವ ನೆಪದಲ್ಲಿ ಗಂಡಿನವರು ಹಳೇಬೀಡಿಗೆ ಬರಲಿ, ಮಾವನ ಮನೆಯಲ್ಲೇ ಹೆಣ್ಣು ತೋರಿಸಿಬಿಡೋಣ, ಉತ್ತರವೂ ಕಾರ್ಡಿನಲ್ಲಿ ಅಲ್ಲಿಗೇ ಬರಲಿ ಎಂದು. ಉಪಾಯವೇನೋ ಚೆನ್ನಾಗಿತ್ತು. ಹಳೇಬೀಡಿನಲ್ಲಿ ಮಾವ ಇದ್ದಾರೆ ಅನ್ನುವುದನ್ನು ಅಮ್ಮ ಮರೆತಿದ್ದಳು, ಅಷ್ಟೆ.

ಮೊದಲು ಬಂದವರು ಹಾಸನದವರು. ಹುಡುಗ ಹೈಸ್ಕೂಲ್ ಮೇಷ್ಟ್ರು. ಮಾವ ಅವರಿಗೆ ಕಾಲು ತೊಳೆಯಲು ನೀರು ಕೊಡುವುದಕ್ಕೂ ಮೊದಲು ಗುಡಿಗೆ ಹೊರಡಿಸಿದರು. ಹುಡುಗನ ತಾಯಿಯನ್ನು ಒಂದು ಮಕರದ ಮುಂದೆ ನಿಲ್ಲಿಸಿ, ಇವಳು ಹೋದ ವಾರದಿಂದ ಮುನಿಸಿಕೊಂಡಿದ್ದಳು, ನಿಮ್ಮನ್ನು ನೋಡಿ ಮುಖ ಸ್ವಲ್ಪ ಸಡಿಲವಾಗಿದೆ ಎಂದರು. ಆಕೆ ಯಾವುದಕ್ಕೂ ಇರಲಿ ಎಂದು ಕೈ ಮುಗಿದರು. ಮಾವ ಅಷ್ಟಕ್ಕೆ ಬಿಡಬೇಕಲ್ಲ! ಆಕೆಯ ಕೈಯಲ್ಲಿದ್ದ ಬಾಳೆಹಣ್ಣನ್ನು ಮಕರದ ಬಾಯಲ್ಲಿ ಇಡಿಸಿದರು. ನಾನು ಹಿಂದೆ ನಿಂತು, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ.

ಮುಂದಿನ ಭಾನುವಾರ ಮಾವ ಬಸ್ಸಿನಲ್ಲಿ ಅರಸೀಕೆರೆಗೆ ಬಂದರು. ಬೆವರು ಒರೆಸಿಕೊಂಡು, ಹುಡುಗಿ ಬಹಳ ಲಕ್ಷಣವಾಗಿದ್ದಾಳೆಂದು ಬರೆದಿದ್ದಾರೆ, ಆದರೆ ಸೋದರಮಾವನಿಗೆ ತಲೆ ಸರಿಯಿಲ್ಲವಂತೆ, ನಾಳೆ ಮಕ್ಕಳಿಗೂ ಅದೇ ಬಂದರೆ ಏನು ಗತಿ ಎಂದು ಹಿಂದೆಗೆದಿದ್ದಾರೆ ಎಂದರು. ಅಪ್ಪ ಕಾರ್ಡು ಎಲ್ಲಿ ಎಂದು ಕೇಳಿದರು. ನನಗೆ ಹುಚ್ಚು ಅಂತ ಬರೆದಿದ್ದನ್ನ ಇಟ್ಕೊಂಡು ಪೂಜೆ ಮಾಡ್ಲಾ ಭಾವ, ಹರಿದು ಒಲೆಗೆ ಹಾಕಿದೆ ಎಂದರು ಮಾವ.

ಎರಡನೆಯ ಸಲ ಅಮ್ಮ ತನ್ನ ತಲೆಯ ಮೇಲೆ ಕೈ ಇಡಿಸಿ, ಮಕರ ಅನ್ನುವ ಶಬ್ದ ಎತ್ತುವುದಿಲ್ಲ ಎಂದು ಮಾವನಿಂದ ಆಣೆ ಮಾಡಿಸಿದಳು. ಮಾವ ಮಾತು ಉಳಿಸಿಕೊಂಡರು. ಗಂಡಿನವರು ಹೊರಡಲು ಎದ್ದಾಗ ಹುಡುಗನ ತಂದೆಯನ್ನು ಹಿಂದಿನಿಂದ ನೋಡಿ, ನಿಮ್ಮ ನಡಿಗೆ ಥೇಟ್ ನಮ್ಮ ಬಡಗಣ ಗೋಡೆಯ ಮೂರನೆಯವನದೇ ಎಂದರು. ಮಕರ ಎಂದರೇ? ಇಲ್ಲವಲ್ಲ! ಮೂರನೆಯ ಸಲ ಬಾಯಿಯನ್ನೇ ತೆರೆಯಲಿಲ್ಲ. ಹುಡುಗನದೊಂದು ಚಿತ್ರ ಬರೆದು ಉಡುಗೊರೆ ಕೊಟ್ಟರು. ಮುಖ ಅಚ್ಚುಕಟ್ಟಾಗಿ ಬಂದಿತ್ತು. ಬಾಲವೂ ಅಷ್ಟೇ.

ಎರಡು ಸಲವೂ ಭಾನುವಾರ ಅದೇ ವರದಿ: ಹುಡುಗಿ ಲಕ್ಷಣ, ಮಾವ ಅವಲಕ್ಷಣ. ಮೂರನೆಯದರ ಸುದ್ದಿ ಕೇಳಿ ಅಪ್ಪನಿಗೆ ತಡೆಯಲಾಗಲಿಲ್ಲ.

"ನನ್ನ ಮಗಳ ಮದುವೆ ಆಗೋವರೆಗೆ ಈ ಹೊಸಿಲು ತುಳೀಬೇಡ" ಎಂದರು.

ಮಾವ, ಆಗಲಿ ಭಾವ ಎಂದು ಎದ್ದು ಹೊರಗೆ ಹೋದರು. ಹೋದರೇ? ಜಗಲಿಯ ಮೇಲೆ ಕೂತು, ಅಕ್ಕ, ಕಾಫಿ ಇಲ್ಲಿಗೇ ಕೊಡು ಎಂದು ಕೂಗಿದರು. ಆಮೇಲೆ ಒಂದೂವರೆ ವರ್ಷ, ತಿಂಗಳಿಗೊಂದು ಭಾನುವಾರ ಬಂದು ಜಗಲಿಯಲ್ಲೇ ಕೂತು ಹೋಗುತ್ತಿದ್ದರು. ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ. ಕಿಟಕಿಯಿಂದ ಇಣುಕಿ, ಯಾಕೇ ತುಟಿ ಬಿಗಿದುಕೊಂಡಿದೀಯ, ಬಾಯಿ ಮುಚ್ಚಿಕೊಂಡಿರೋ ಮಕರ ಎಲ್ಲಾದರೂ ಉಂಟೇ ಎಂದು ರೇಗಿಸುತ್ತಿದ್ದರು. ನಾನು ಪಟ್ಟೆಂದು ಕಿಟಕಿ ಹಾಕಿಬಿಡುತ್ತಿದ್ದೆ. ವಠಾರದ ಬೇರೆ ಹುಡುಗಿಯರು ಗಂಡಿನವರು ಬೇಡವೆಂದಾಗ ಮೂಲೆ ಹಿಡಿದು ಅಳುತ್ತಿದ್ದರು. ನಾನೇಕೆ ಅಳಲಿ? ಎಲ್ಲರೂ ನನ್ನನ್ನು ಒಪ್ಪಿದವರೇ! ಮಾವನನ್ನು ಚೆನ್ನಾಗಿ ಬೈದುಕೊಂಡು ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದೆ.

ನಾಲ್ಕನೆಯ ಗಂಡು ಗೆಂಡೇಹಳ್ಳಿಯ ದನದ ಆಸ್ಪತ್ರೆಯ ಕಾಂಪೌಂಡರು. ಮಾದಿಹಳ್ಳಿಯಲ್ಲಿ ದನಗಳಿಗೆ ಸೂಜಿ ಹಾಕುವ ಕೆಲಸವಿದೆ, ಮುಗಿಸಿಕೊಂಡು ಹಳೇಬೀಡಿನಲ್ಲೇ ಹೆಣ್ಣು ನೋಡುತ್ತೇನೆ ಎಂದು ಹೇಳಿಕಳಿಸಿದರು. ಅಪ್ಪ ಈ ಸಲ ತಾವೇ ಕಾವಲಿಗೆ ಬಂದು, ಮಾವನನ್ನು ಅಡಿಗೆಮನೆಯಲ್ಲಿ ಕೂರಿಸಿ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ಹುಡುಗ ಸೈಕಲ್ಲಿನಿಂದ ಇಳಿದವರೇ ಕೇಳಿದ್ದೇನು ಗೊತ್ತೇ? ಮಕರಗಳ ವಿಷಯ ಬಲ್ಲವರು ಇಲ್ಲಿ ಯಾರೋ ಇದ್ದಾರಂತಲ್ಲ ಎಂದು! ಅಪ್ಪನ ಮುಖ ನೋಡಬೇಕಿತ್ತು. ಮಾವ ಕುರ್ಚಿಯನ್ನು ದಾಟಿಕೊಂಡೇ ಹೊರಗೆ ಬಂದರು.

ಹೋದವರಿಬ್ಬರೂ ಎರಡು ಗಂಟೆಯಾದರೂ ಪತ್ತೆಯಿಲ್ಲ. ಉಪ್ಪಿಟ್ಟು ಆರಿ ಇಟ್ಟಿಗೆಯಾಯಿತು. ನನ್ನ ಹೂವು ಬಾಡಿತು. ಅಪ್ಪ ಹುಡುಕಿಕೊಂಡು ಹೋದರೆ, ಗುಡಿಯ ಜಗಲಿಯ ಮೇಲೆ ವಾದ ನಡೆಯುತ್ತಿತ್ತಂತೆ. ಕಾಲು ಸಿಂಹದ್ದಾದ ಮೇಲೆ ಮಕರ ಮೆಲುಕು ಹಾಕುವ ಪ್ರಾಣಿಯಲ್ಲ ಎಂದು ಇವರು. ಹಾಗಾದರೆ ಎಂಟುನೂರು ವರ್ಷದಿಂದ ಬಾಯಲ್ಲಿ ಏನು ಅಗಿಯುತ್ತಿದೆ ಎಂದು ಮಾವ. ಅದನ್ನು ಅಪ್ಪ ಬಂದು ತಲೆ ಚಚ್ಚಿಕೊಂಡು ಹೇಳಿದಾಗ ನನಗೆ ನಗು ತಡೆಯಲಿಲ್ಲ. ಅಮ್ಮನ ತಾಲೀಮೆಲ್ಲ ನೀರುಪಾಲು. ಬಾಯಿ ತುಂಬ ನಕ್ಕೆ. ಅದೇ ಹೊತ್ತಿಗೆ ಹುಡುಗ ಒಳಗೆ ಬಂದದ್ದು! ದಿನಕ್ಕೆ ನಲವತ್ತು ದನದ ಬಾಯಿ ನೋಡುವವರಿಗೆ ನನ್ನ ಹಲ್ಲು ಯಾವ ಲೆಕ್ಕ? ಇಟ್ಟಿಗೆಯಂಥ ಉಪ್ಪಿಟ್ಟನ್ನು ತಿಂದು, ಅಲ್ಲೇ ಒಪ್ಪಿಗೆ ಹೇಳಿ ಹೋದರು. ಮೂರು ಗಂಡುಗಳನ್ನು ಓಡಿಸಿದ ಮಾವ ಒಂದನ್ನು ತಂದುಕೊಟ್ಟರಲ್ಲ ಎಂದು ನಾನೂ ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದೆ.

ಏಳು ವರ್ಷ ಕಳೆಯಿತು. ತವರಿಗೆ ಬಂದಿದ್ದ ನಾನು, ರೈಲಿನಲ್ಲಿ ಬರುವ ಯಜಮಾನರನ್ನು ಕಾಯುತ್ತ ಮಗಳೊಂದಿಗೆ ಅರಸೀಕೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ನೋಡಿದರು, ಮತ್ತೆ ನೋಡಿದರು. ಹಳೇಬೀಡಿನ ಡ್ರಾಯಿಂಗ್ ಮೇಷ್ಟ್ರ ಸೋದರಸೊಸೆ ಅಲ್ಲವೇನಮ್ಮ ಎಂದರು. ಬಾಳೆಹಣ್ಣು! ಹಾಸನದ ಮೊದಲನೆಯ ಗಂಡಿನ ತಾಯಿ. ನನಗೆ ಸಂಕೋಚವೇನೂ ಆಗಲಿಲ್ಲ. ಗಂಡ, ಮಗಳು ಎಲ್ಲ ಆದ ಮೇಲೆ ಇನ್ನೇನು? ನಮ್ಮ ಮಾವನ ಹುಚ್ಚಿಗೆ ಹೆದರಿ ಓಡಿಹೋದಿರಲ್ಲ ಎಂದು ನಕ್ಕೆ.

ಆಕೆಗೆ ಅರ್ಥವೇ ಆಗಲಿಲ್ಲ.

"ಹೆದರೋದೇ? ಅವರ ಮಾತು ಕೇಳಿ ನಾವು ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು. ಈಗಲೂ ಮೊಮ್ಮಕ್ಕಳಿಗೆ ಆ ಬಾಳೆಹಣ್ಣಿನ ಕಥೆ ಹೇಳ್ತೀನಿ" ಎಂದರು. ಆಮೇಲೆ ದನಿ ತಗ್ಗಿಸಿದರು. "ನಮ್ಮ ಹುಡುಗನಿಗೆ ನಿನ್ನ ಹಲ್ಲು ಹಿಡಿಸ್ಲಿಲ್ಲಮ್ಮ. ನಮ್ಮೆಜಮಾನ್ರು ಕಾರ್ಡಲ್ಲಿ ಅದನ್ನೇ ಬರೆದ್ರು. ಹಂಗೆ ಬರೀಬಾರದಿತ್ತು. ತಪ್ಪು ತಿಳ್ಕೋಬೇಡ."

ರೈಲು ಬಂತು. ಆಕೆ ಹತ್ತಿ ಹೋದರು. ನಮ್ಮವರು ಇಳಿದು ಬಂದು ಯಾಕೆ ಹೀಗೆ ಕೂತಿದೀಯ ಎಂದು ಕೇಳಿದರು. ಒಂದು ಕಾರ್ಡು ಹಾಗಿದ್ದರೆ ಮಿಕ್ಕ ಎರಡು?

ಮಾರನೆಯ ದಿನ ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ಮಾವ ಎಲ್ಲಿರುತ್ತಾರೆಂದು ಕೇಳಬೇಕಾಗಿರಲಿಲ್ಲ. ನನ್ನ ಮಗಳಿಗೆ ಹಾಲುಹಲ್ಲು ಬಿದ್ದು ಹೊಸದು ಬರುತ್ತಿದ್ದ ಕಾಲ. ಬರುತ್ತಿದ್ದವೂ ನನ್ನವೇ, ಅದೇ ಆತುರ. ಮಾವ ಅವಳ ಗಲ್ಲ ಹಿಡಿದು, ಬಾಯಿ ತೆರೆಸಿ ನೋಡಿ, ಭೇಷ್ ಎಂದರು. ಅವಳನ್ನು ಎತ್ತಿಕೊಂಡು ಒಂದೊಂದೇ ಮಕರದ ಪರಿಚಯ ಹೇಳಿಕೊಡತೊಡಗಿದರು. ನಾನು ಹಿಂದೆಯೇ ಹೋದೆ.

"ಮಾವ, ಆ ಮೂರು ಕಾರ್ಡಲ್ಲಿ ನಿಜವಾಗಿ ಏನು ಬರೆದಿತ್ತು?"

ಮಾವ ತಿರುಗಲಿಲ್ಲ. ಮಕರದ ಸೊಂಡಿಲ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿದರು.

"ಮಕರಕ್ಕೆ ಮರೆವು ಜಾಸ್ತಿ ಕಣೇ" ಎಂದರು. "ಬಾಯಿಗೆ ಬಿದ್ದಿದ್ದು ಎಲ್ಲಿಗೆ ಹೋಯ್ತು ಅಂತ ಅದಕ್ಕೇ ಗೊತ್ತಿರಲ್ಲ."

ಬೇಲೂರಿನ ಬಾಗಿಲು ನೆನಪಾಯಿತು. ನಮ್ಮ ವಠಾರದ ಜಗಲಿಯೂ ನೆನಪಾಯಿತು. ಅಪ್ಪ ಬೈದದ್ದು, ಊರು ನಕ್ಕದ್ದು, ನಾನು ಕಿಟಕಿ ಹಾಕಿದ್ದು, ಎಲ್ಲವನ್ನೂ ಹೊರಗೆ ಕೂತೇ ನುಂಗಿ ಕಾಫಿ ಕುಡಿದು ಹೋಗುತ್ತಿದ್ದ ಮನುಷ್ಯ! ಆ ಪ್ರಾಯದಲ್ಲಿ ಆ ಕಾರ್ಡುಗಳನ್ನು ನಾನು ಓದಿದ್ದರೆ ಮತ್ತೆ ಬಾಯಿಬಿಟ್ಟು ನಗುತ್ತಿರಲಿಲ್ಲ. ನನಗೆ ಅಳು ಬಂತು. ನಡುಹಗಲಲ್ಲಿ, ನೋಡಲು ಬಂದ ಜನರ ಎದುರಿಗೇ, ಮಾವನ ಕಾಲಿಗೆ ಬಿದ್ದುಬಿಟ್ಟೆ.

ಮಾವನಿಗೆ ಗಾಬರಿಯಾಯಿತು. ಮಗುವನ್ನು ಎತ್ತಿಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು.

"ಏಳೇ, ಏಳೇ. ಅವು ನೋಡ್ತಾ ಇವೆ. ಹೊಟ್ಟೆಕಿಚ್ಚು ಜಾಸ್ತಿ ಅವಕ್ಕೆ" ಎಂದರು.

ನಾನು ಏಳಲಿಲ್ಲ. ನೋಡಿದರೆ ನೋಡಲಿ, ಅವೂ ನಮ್ಮವರೇ ತಾನೆ.